ರಾಜ್ಯವಿಲ್ಲದವರು ಬರೆದುಕೊಂಡ ಇತಿಹಾಸ

ಹಾವೇರಿ ಜಿಲ್ಲೆಯ ತರುಣ ಓದುಗರೊಬ್ಬರು, ಹೆಸರು ಹಾಕಬೇಡಿರೆಂಬ ಕೋರಿಕೆಯೊಡನೆ, ಸುದೀರ್ಘ ಪತ್ರವೊಂದನ್ನು ಬರೆದಿದ್ದಾರೆ. ನಮ್ಮ ಪತ್ರಿಕೆ ಪ್ರತಿ ನವೆಂಬರಿನಲ್ಲಿ ಚಾಲುಕ್ಯರು, ವಿಜಯನಗರ, ಏಕೀಕರಣ ಎಂದು ಪುಟ ತುಂಬಿಸುತ್ತದೆ. ಸತ್ತುಹೋದ ಅರಸರ ಹೆಸರಿನಲ್ಲಿ ಬೀಗಿದರೆ ಹಾನಗಲ್ಲಿನ ರೈತನ ಮಗನಿಗೆ ನೌಕರಿ ಸಿಗುವುದಿಲ್ಲ. ಇಂಥ ಹೆಮ್ಮೆ ನೆರೆಯವರೊಡನೆ ಜಗಳಕ್ಕಷ್ಟೇ ಉಪಯೋಗ. ಬೆಂಗಳೂರು ನಮ್ಮನ್ನು ಲೆಕ್ಕಕ್ಕೇ ಹಿಡಿಯದಿರುವಾಗ ನಾವು ಪ್ರತ್ಯೇಕ ರಾಜ್ಯ ಕೇಳಿದರೆ ತಪ್ಪೇನು? ಇದು ಅವರ ಪತ್ರದ ಸಾರ.

ಮಿತ್ರರೇ, ನಿಮ್ಮ ಪತ್ರದ ಕೈಬರಹವೂ ವಾದದ ಬಿಗಿಯೂ ನನಗೆ ಹಿಡಿಸಿದವು. ರಾಜ್ಯೋತ್ಸವದ ಹೆಸರಿನಲ್ಲಿ ಡಿಜೆ ಹಚ್ಚಿ ನಡುರಾತ್ರಿಯವರೆಗೆ ಕುಣಿಯುವವರಿಗೂ ನಾಡಿನ ಚರಿತ್ರೆಗೂ ಸಂಬಂಧವಿಲ್ಲವೆಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಆ ಗದ್ದಲವನ್ನೇ ಇತಿಹಾಸಪ್ರಜ್ಞೆಯೆಂದು ತಿಳಿದು, ಅದನ್ನು ಹೊಟ್ಟೆ ತುಂಬಿದವರ ಚಟವೆಂದು ತಳ್ಳಿಹಾಕಿದ್ದೀರಲ್ಲ, ಅಲ್ಲಿ ನಾನು ನಿಮ್ಮೊಡನೆ ಜಗಳವಾಡಲೇಬೇಕು. ಹೊಟ್ಟೆ ತುಂಬಿದವರಿಗೆ ನಮ್ಮ ಭಾಗದಲ್ಲಿ ಇತಿಹಾಸ ಬೇಕಾಗಿರಲಿಲ್ಲ. ಅದು ಬೇಕಾದದ್ದು ಏನೂ ಇಲ್ಲದವರಿಗೆ.

ಹಳೆಯ ಮೈಸೂರಿನವರನ್ನು ನೋಡಿ. ಅವರಿಗೆ ಅರಸರಿದ್ದರು, ದಿವಾನರಿದ್ದರು, ಕನ್ನಡದಲ್ಲಿ ನಡೆಯುವ ಕಚೇರಿಗಳಿದ್ದವು. ತಾವು ಯಾರೆಂದು ಅವರು ಯಾರಿಗೂ ಸಿದ್ಧಮಾಡಿ ತೋರಿಸಬೇಕಾಗಿರಲಿಲ್ಲ. ನಮ್ಮ ಪಾಡು ಬೇರೆ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಧಾರವಾಡದ ಸೀಮೆ ಕಂಪನಿಯ ಕೈಸೇರಿ, ಮುಂದೆ ಮುಂಬಯಿ ಪ್ರಾಂತದ ದಕ್ಷಿಣದ ಅಂಚಾಗಿ ಉಳಿಯಿತು. ಕನ್ನಡ ಮನೆಮಾತಿನ ಊರುಗಳಲ್ಲಿ ಶಾಲೆ ಮರಾಠಿಯದು, ದಫ್ತರ ಮರಾಠಿಯದು. ಧಾರವಾಡದಲ್ಲಿ ಹುಟ್ಟಿ ಪುಣೆಯಲ್ಲಿ ಓದಿಬಂದ ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯ ಅಧಿಕಾರಿಯಾಗಿ ಊರೂರು ತಿರುಗಿ ಕನ್ನಡ ಶಾಲೆ ತೆರೆಸಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಆಗ ಕರ್ನಾಟಕವೆಂಬ ಹೆಸರಿನ ರಾಜ್ಯವೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಇಲ್ಲದ ನಾಡಿನ ಹೆಸರನ್ನು ಸಂಘದ ಹಲಗೆಯ ಮೇಲೆ ಬರೆಸುವ ಧೈರ್ಯ ಅವರಿಗೆ ಬಂದದ್ದು ಇತಿಹಾಸದಿಂದಲೇ.

ಆ ಇತಿಹಾಸವಾದರೂ ಸಿದ್ಧವಾಗಿ ಕೂತಿರಲಿಲ್ಲ. ಮುಂಬಯಿ ಪ್ರಾಂತದ ಅಧಿಕಾರಿ ಫ್ಲೀಟರು ನಮ್ಮ ಸೀಮೆಯ ಶಾಸನಗಳನ್ನು ಓದಿ ಇಂಗ್ಲಿಷಿನಲ್ಲಿ ಪ್ರಕಟಿಸಿದ್ದರು. ನಮ್ಮವರು ನಮ್ಮ ಅಂಗಳದ ಕಲ್ಲಿನ ಅರ್ಥವನ್ನು ಅವರ ಬರಹದಿಂದ ತಿಳಿಯಬೇಕಾಗಿತ್ತು. ಆಲೂರು ವೆಂಕಟರಾಯರು 1905ರಲ್ಲಿ ಹಂಪಿಗೆ ಹೋಗಿ ಹಾಳುಬಿದ್ದ ಆ ರಾಜಧಾನಿಯನ್ನು ಕಂಡು ಬಂದವರು, ವಕೀಲಿಯನ್ನು ಬದಿಗಿಟ್ಟು, 1917ರಲ್ಲಿ ಕರ್ನಾಟಕದ ಗತವೈಭವವನ್ನು ಕನ್ನಡದಲ್ಲಿ ಬರೆದು ಮುಂದಿಟ್ಟರು. ಅದರಲ್ಲಿ ಆವೇಶ ಹೆಚ್ಚೆಂದು ಇಂದಿನ ಪ್ರಾಧ್ಯಾಪಕರು ಮೂಗು ಮುರಿಯುವುದುಂಟು. ಮುರಿಯಲಿ. ನಾವೆಲ್ಲ ಒಂದೇ ನಾಡಿನವರು ಎಂದು ವಾದಿಸಲು ಸರಕಾರದ ಒಂದು ಕಾಗದವೂ ಇಲ್ಲದ ಜನರ ಕೈಗೆ ಅದು ದಾಖಲೆಯನ್ನು ಕೊಟ್ಟಿತು.

ನೀವು ಲಕ್ಷ್ಮೇಶ್ವರಕ್ಕೆ ಹೋಗಿರಬಹುದು, ನಿಮ್ಮ ಜಿಲ್ಲೆಯಿಂದ ದೂರವೇನಲ್ಲ. ಕವಿರಾಜಮಾರ್ಗದಲ್ಲಿ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆಗೆ ಕನ್ನಡದ ತಿರುಳೆಂದು ಹೆಸರಿಸಿದ ಪುಲಿಗೆರೆ ಇದೇ ಊರು. 941ರಲ್ಲಿ ಭಾರತವನ್ನು ಬರೆದ ಪಂಪನೂ ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದೆನೆಂದು ಹೇಳಿಕೊಂಡ. ಅಂಥ ಊರು ಸ್ವಾತಂತ್ರ್ಯ ಬರುವವರೆಗೂ ಮೀರಜ ಸಂಸ್ಥಾನಕ್ಕೆ ಸೇರಿತ್ತು! ಪಕ್ಕದ ಸವಣೂರಿಗೆ ನವಾಬರು, ಗದಗದಿಂದ ಪೂರ್ವಕ್ಕೆ ಹೊರಟು ಕೊಪ್ಪಳದ ಸೀಮೆ ಮುಟ್ಟಿದರೆ ಅಲ್ಲಿ ನಿಜಾಮರು. ಬಸವನ ಗಾಡಿ ಒಂದು ದಿನ ನಡೆಯುವಷ್ಟು ದೂರದಲ್ಲಿ ಇಷ್ಟು ದೊರೆತನಗಳು. ಬೀಗರ ಮನೆಗೆ ಹೋಗುವವನು ಸರಹದ್ದು ದಾಟುತ್ತಿದ್ದ. ಇವರೆಲ್ಲರನ್ನೂ ಒಟ್ಟಿಗೆ ಕಟ್ಟಿದ್ದು ಯಾವ ಅರಸನ ಖಡ್ಗವೂ ಅಲ್ಲ. ಆ ಸಾವಿರ ವರ್ಷದ ಹಳೆಯ ಮಾತಿನ ನೆನಪು, ಅದನ್ನು ಊರ ಗುಡಿಯ ಕಟ್ಟೆಯ ಮೇಲೆ ಕುಮಾರವ್ಯಾಸನ ಪದ್ಯವಾಗಿ ವಾಚಿಸುತ್ತಿದ್ದವರು, ಕೇಳುತ್ತಿದ್ದವರು.

ಜಗಳಕ್ಕಷ್ಟೇ ಉಪಯೋಗವೆಂದಿರಿ. ಪಂಪನ ತಾಯಿಯ ಕಡೆಯವರು ನಮ್ಮ ಅಣ್ಣಿಗೇರಿಯವರೆಂದು ನಮಗೆ ತಿಳಿದದ್ದು ತೆಲಂಗಾಣದ ಕರೀಂನಗರದ ಕಡೆ, ಕುರಿಕ್ಯಾಲದಲ್ಲಿ ಅವನ ತಮ್ಮ ಜಿನವಲ್ಲಭ ಬರೆಸಿದ ಶಾಸನದಿಂದ. ಅದರಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಇದನ್ನು ಓದಿದವನು ಜಗಳಕ್ಕೆ ಹೋಗಲಾರ. ಓದದವನು ಹೋಗುತ್ತಾನೆ, ಅದು ಇತಿಹಾಸದ ತಪ್ಪಲ್ಲ.

ಇನ್ನು ಏಕೀಕರಣ. ಪಠ್ಯಪುಸ್ತಕ ಅದನ್ನು ಒಂದು ಪ್ಯಾರಾದಲ್ಲಿ ಮುಗಿಸಿ, ಮಕ್ಕಳು 1956ನ್ನು ಬಾಯಿಪಾಠ ಮಾಡುವಂತೆ ಮಾಡಿರುವುದರಿಂದಲೇ ನಿಮ್ಮಂಥ ಜಾಣರಿಗೂ ಅದು ದಿಲ್ಲಿಯವರು ಕೊಟ್ಟ ಕೊಡುಗೆಯಂತೆ ಕಾಣುತ್ತಿದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಚೆಲುವ ಕನ್ನಡ ನಾಡಿನ ಉದಯವನ್ನು ಹಾರೈಸಿದ ಗೀತೆ ಗದಗಿನ ವಕೀಲ ಹುಯಿಲಗೋಳ ನಾರಾಯಣರಾಯರದು. ಗಂಗೂಬಾಯಿ ಹಾನಗಲ್ಲರು ಆಗಿನ್ನೂ ಬಾಲಕಿ. ಆ ಅಧಿವೇಶನದಲ್ಲಿ ಅವರೂ ಹಾಡಿದ್ದರು. 1953ರಲ್ಲಿ ಹುಬ್ಬಳ್ಳಿಯ ಪಕ್ಕದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕೂತಾಗ ಸುತ್ತಲಿನ ಹಳ್ಳಿಗಳ ಜನ ಅಲ್ಲಿಗೆ ಹರಿದುಬಂದರು, ಹುಬ್ಬಳ್ಳಿ ರೊಚ್ಚಿಗೆದ್ದಿತು. ಅದೇ ವರ್ಷ ರೋಣ ತಾಲೂಕಿನ ಜಕ್ಕಲಿಯಲ್ಲಿ ಅಂದಾನಪ್ಪ ದೊಡ್ಡಮೇಟಿಯವರು, ರಾಜ್ಯ ಹುಟ್ಟುವ ಮೊದಲೇ, ತಾಯಿ ಭುವನೇಶ್ವರಿಯ ಚಿತ್ರವನ್ನಿಟ್ಟು ಪೂಜೆ ಸಲ್ಲಿಸಿದರು. ಆಗ ಮೈಸೂರಿನ ಎಷ್ಟೋ ಮುಂದಾಳುಗಳು ಈ ಬಡ ಜಿಲ್ಲೆಗಳನ್ನು ಕಟ್ಟಿಕೊಂಡರೆ ತಮ್ಮ ಗಂಟು ಕರಗೀತೆಂದು ಹಿಂಜರಿಯುತ್ತಿದ್ದರು. ಆಗಿನ ಮೈಸೂರು ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಅವರ ವಿರೋಧಕ್ಕೆ ಬಗ್ಗದೆ ಏಕೀಕರಣದ ಪರ ನಿಂತರೆಂಬುದನ್ನೂ, ರಾಜ್ಯ ಒಂದಾಗುವ ಮುನ್ನವೇ ಅವರ ಕುರ್ಚಿ ಹೋಯಿತೆಂಬುದನ್ನೂ ನಮ್ಮ ಕಡೆಯವರು ಮರೆಯಬಾರದು.

ನನ್ನ ಸಿಟ್ಟು ಬೇರೆ ಕಡೆಗಿದೆ. ವರದಾ ನದಿಯ ದಂಡೆಯ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರು ತಮ್ಮ ಹಿತ್ತಿಲಿಗೆ ಕರೆದೊಯ್ದು ಒಂದು ಕಲ್ಲನ್ನು ತೋರಿಸಿದ್ದರು. ಮೂರು ಪಟ್ಟಿಕೆಯ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕೊಂಬು ಮಾತ್ರ ಕಾಣುವಂತೆ ಒತ್ತೊತ್ತಾಗಿ ನಿಂತ ದನಗಳು, ಅವುಗಳ ಮುಂದೆ ಬಿಲ್ಲೆಳೆದ ಗಂಡಸು. ನಡುವೆ ಅವನನ್ನು ತೋಳು ಹಿಡಿದು ಮೇಲೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತ ಅವನೇ. ಪಟ್ಟಿಕೆಗಳ ನಡುವಿನ ಅಕ್ಷರಗಳು ಅರಿವೆ ಒಗೆದು ಒಗೆದು ಸವೆದಿದ್ದವು. ಹಳ್ಳದಲ್ಲಿ ಬಿದ್ದಿದ್ದ ಅದನ್ನು ಎತ್ತಿ ತರುವ ಮೊದಲು ಊರವರಿಗೆ ಅದು ಒಗೆಯುವ ಕಲ್ಲಾಗಿತ್ತಂತೆ. ಊರ ದನ ಉಳಿಸಲು ಸತ್ತ ಆ ರೈತನ ಮಗ ಅರಸನಲ್ಲ, ನಿಮ್ಮ ಹಾಗೆ ಹಳ್ಳಿಯವನು. ನೀವು ಇತಿಹಾಸವೆಂದರೆ ಸತ್ತ ಅರಸರೆಂದಿರಿ. ನಿಮ್ಮ ಜಿಲ್ಲೆಯ ಹೊಲಬದುಗಳಲ್ಲಿ ನಿಂತಿರುವ ಕಲ್ಲುಗಳಲ್ಲಿ ಇಂಥವರೇ ಹೆಚ್ಚು. ಆ ಅಕ್ಷರಗಳನ್ನು ಓದಬಲ್ಲವರನ್ನು ತಯಾರಿಸಲೆಂದು 1939ರಷ್ಟು ಹಿಂದೆಯೇ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿತು, ಆಮೇಲೆ ವಿಶ್ವವಿದ್ಯಾಲಯವೂ ಬಂತು. ಈಗ ಹಳಗನ್ನಡದ ತರಗತಿಗೆ ಹುಡುಗರು ಬರುವುದಿಲ್ಲ, ಬಂದವರಿಗೂ ನೌಕರಿಯಿಲ್ಲ, ಹಳ್ಳಿಯ ಕನ್ನಡ ಶಾಲೆಗಳಿಗೆ ಒಂದೊಂದಾಗಿ ಬೀಗ. ಡೆಪ್ಯುಟಿ ಚನ್ನಬಸಪ್ಪನವರು ಪರರ ಆಳ್ವಿಕೆಯಲ್ಲಿ ತೆರೆಸಿದ್ದನ್ನು ನಾವು ನಮ್ಮ ಆಳ್ವಿಕೆಯಲ್ಲಿ ಮುಚ್ಚುತ್ತಿದ್ದೇವೆ. ವೇದಿಕೆಯ ಮೇಲೆ ಶಾಲು ಹೊದಿಸಿಕೊಳ್ಳುವವರಿಗೆ ಇದು ಕಾಣದು.

ಪ್ರತ್ಯೇಕ ರಾಜ್ಯದ ಮಾತಿಗೆ ಬಂದರೆ, ನಿಮ್ಮ ದೂರು ನಿಜ, ಮದ್ದು ಮಾತ್ರ ಸರಿಯಲ್ಲ. ರಾಜ್ಯದೊಳಗಿನ ಪ್ರಾದೇಶಿಕ ಅಸಮತೋಲನವನ್ನು ಅಳೆದ 2002ರ ನಂಜುಂಡಪ್ಪ ಸಮಿತಿಯ ವರದಿಯನ್ನು ತೆರೆದು ನೋಡಿ. ಹಿಂದುಳಿದವೆಂದು ಅದು ಗುರುತಿಸಿದ 114 ತಾಲೂಕುಗಳಲ್ಲಿ 59 ಉತ್ತರದವು, 55 ದಕ್ಷಿಣದವು. ಅತ್ಯಂತ ಹಿಂದುಳಿದ 39ರಲ್ಲಿ 26 ನಮ್ಮ ಕಡೆಯವು ಎಂಬುದು ಬೆಂಗಳೂರಿಗೆ ನಾಚಿಕೆಯಾಗಬೇಕಾದ ಸಂಗತಿ. ಆದರೆ ಆ 55ರ ಜನರೂ ನಿಮ್ಮಂತೆಯೇ ವಿಧಾನಸೌಧದ ಬಾಗಿಲಲ್ಲಿ ಕಾಯುತ್ತಿರುವವರು, ಅವರನ್ನು ಪರಕೀಯರನ್ನಾಗಿ ಮಾಡಿಕೊಂಡರೆ ನಮ್ಮ ಕೂಗಿನ ಬಲ ಅರ್ಧವಾಗುತ್ತದೆ. ಹಿಂದಿನವರು ಶಾಸನಗಳನ್ನು ಮುಂದಿಟ್ಟು ವಾದಿಸಿದರು, ನೀವು ಆ ವರದಿಯನ್ನು ಮುಂದಿಟ್ಟು ವಾದಿಸಿ. ನಿಮ್ಮ ತಾಲೂಕಿನ ಬಗ್ಗೆ ಅದು ಹೇಳಿದ್ದೇನು, ಅಲ್ಲಿಂದೀಚೆಗೆ ಆಗಿದ್ದೇನು, ಆಗದೆ ಉಳಿದದ್ದು ಯಾರಿಂದ ಎಂಬುದನ್ನು ಊರು, ಶಾಲೆ, ಕೆರೆಗಳ ಹೆಸರು ಸಹಿತ ಬರೆದು ಕಳುಹಿಸಿದರೆ ಮುಂದಿನ ನವೆಂಬರಿನ ಸಂಚಿಕೆಯಲ್ಲಿ ಅದಕ್ಕೆ ಮೊದಲ ಪುಟಗಳನ್ನೇ ತೆಗೆದಿಡುತ್ತೇನೆ. ಈ ಸಲ ನಿಮ್ಮ ಹೆಸರನ್ನೂ ಹಾಕಲು ಒಪ್ಪಿಗೆ ಕೊಡಿ.

— ಸಂಪಾದಕ