ಹೊಲಿಗೆಯ ಪ್ರಶ್ನೋತ್ತರ: ಲಾಂಗ್‌ಆರ್ಮ್ ಯಂತ್ರ, ಹರಿಯುವ ದಾರ ಮತ್ತು ಕೌದಿ

ಪ್ರಶ್ನೆ: ಟೆಕ್ಸಾಸ್‌ನಲ್ಲಿ ನೆಲೆಸಿರುವ ನಾನು ಹತ್ತು ಅಡಿ ಚೌಕಟ್ಟಿನ ಹಳೆಯ ಲಾಂಗ್‌ಆರ್ಮ್ ಕ್ವಿಲ್ಟಿಂಗ್ (ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿಯುವ) ಯಂತ್ರವೊಂದನ್ನು ಕಳೆದ ವರ್ಷ ಕೊಂಡೆ. ಎಡದಿಂದ ಬಲಕ್ಕೆ ಹೊಲಿಯುವಾಗ ತೊಂದರೆಯಿಲ್ಲ. ಬಲದಿಂದ ಎಡಕ್ಕೆ ಬರುವಾಗ ಮಾತ್ರ ಮೇಲಿನ ದಾರ ಸೂಜಿಯ ಬಳಿ ಎಳೆ ಎಳೆಯಾಗಿ ಬಿಚ್ಚಿಕೊಂಡು ಹರಿಯುತ್ತದೆ. ದಾರದ ಬಿಗಿ ಹೊಂದಿಸುವ ಟೆನ್ಷನ್ ತಿರುಪನ್ನು ಎರಡೂ ಕಡೆಗೆ ತಿರುಗಿಸಿ ನೋಡಿದ್ದಾಯಿತು. ಹುಕ್ಕಿನ ಟೈಮಿಂಗ್ (ಕೆಳಗಿನ ಹುಕ್ಕು ಸೂಜಿಯ ದಾರ ಹಿಡಿಯುವ ಹೊತ್ತು) ತಪ್ಪಿದೆ, ರಿಪೇರಿ ಮಾಡಿಸಿ ಎಂದು ಪರಿಚಿತರು ಹೇಳುತ್ತಿದ್ದಾರೆ. ಇದು ನಿಜವೇ?

ಉತ್ತರ: ಇರಬಹುದು, ಆದರೆ ಅದು ಕೊನೆಗೆ ನೋಡಬೇಕಾದ ಕಾರಣ. ಟೈಮಿಂಗ್ ಪೂರ್ತಿ ತಪ್ಪಿದ ಯಂತ್ರ ಯಾವ ದಿಕ್ಕಿನಲ್ಲಿಯೂ ನೆಟ್ಟಗೆ ಹೊಲಿಯುವುದಿಲ್ಲ. ಒಂದೇ ದಿಕ್ಕಿನಲ್ಲಿ ದಾರ ಹರಿಯುತ್ತಿದ್ದರೆ ಮೊದಲು ಸೂಜಿಯನ್ನು ಅನುಮಾನಿಸಬೇಕು.

ಮನೆಯ ಸಾಧಾರಣ ಹೊಲಿಗೆ ಯಂತ್ರದಲ್ಲಿ ಯಂತ್ರ ನಿಂತಲ್ಲೇ ನಿಂತಿರುತ್ತದೆ, ಬಟ್ಟೆ ಚಲಿಸುತ್ತದೆ. ಲಾಂಗ್‌ಆರ್ಮ್‌ನಲ್ಲಿ ಇದು ತಿರುವುಮುರುವು: ಬಟ್ಟೆ ರೋಲರುಗಳ ನಡುವೆ ಹರವಿಕೊಂಡಿರುತ್ತದೆ, ಯಂತ್ರದ ತಲೆ ಹಳಿಗಳ ಮೇಲೆ ಓಡಾಡುತ್ತದೆ. ಸೂಜಿ ಕ್ವಿಲ್ಟಿನ ಮೂರು ಪದರಗಳ (ಮೇಲ್ಬಟ್ಟೆ, ಮೆತ್ತನೆಯ ನಡುಪದರ, ಅಸ್ತರು) ಒಳಗಿರುವಾಗಲೂ ನಿಮ್ಮ ಕೈ ಯಂತ್ರವನ್ನು ಎಳೆಯುತ್ತಲೇ ಇರುವುದರಿಂದ, ಸೂಜಿ ಪ್ರತಿ ಹೊಲಿಗೆಯಲ್ಲಿಯೂ ಕೂದಲೆಳೆಯಷ್ಟು ಬಾಗುತ್ತದೆ. ಸೂಜಿ ಕೆಳಗಿಳಿದು ತುಸು ಮೇಲೇಳುವ ಹೊತ್ತಿಗೆ ಅದರ ಬೆನ್ನಿನ ತಗ್ಗಿನ ಬಳಿ ದಾರ ಕುಣಿಕೆಯಾಗಿ ನಿಲ್ಲುತ್ತದೆ, ಹುಕ್ಕಿನ ಮೊನೆ ಬಂದು ಆ ಕುಣಿಕೆಯನ್ನು ಹಿಡಿಯುತ್ತದೆ. ಬಾಗಿದ ಸೂಜಿಯಿಂದಾಗಿ ಕುಣಿಕೆ ಇರಬೇಕಾದ ಜಾಗ ತಪ್ಪಿದರೆ ಮೊನೆ ಕುಣಿಕೆಯನ್ನು ಹಿಡಿಯದೆ ಹೊಲಿಗೆ ಬಿಟ್ಟುಹೋಗುತ್ತದೆ, ಇಲ್ಲವೇ ಮೊನೆ ದಾರದ ನಡುವೆಯೇ ಹೊಕ್ಕು ಎಳೆಗಳನ್ನು ಸೀಳುತ್ತದೆ. ನಿಮ್ಮ ಯಂತ್ರದಲ್ಲಿ ಎರಡನೆಯದು ನಡೆಯುತ್ತಿರುವಂತೆ ತೋರುತ್ತದೆ.

ಆದ್ದರಿಂದ ಹೊಸ ಸೂಜಿ ಹಾಕಿ. ಲಾಂಗ್‌ಆರ್ಮ್ ಸೂಜಿಗಳ ಬುಡ ಹೆಚ್ಚಾಗಿ ದುಂಡಗಿರುತ್ತದೆ. ಮನೆಯ ಯಂತ್ರದ ಸೂಜಿಗೆ ಇರುವಂತೆ ಚಪ್ಪಟೆ ಪಾರ್ಶ್ವವಿಲ್ಲದ ಕಾರಣ ಅದನ್ನು ಹೇಗೆ ಬೇಕಾದರೂ ಕೂರಿಸಬಹುದು, ತಪ್ಪಾಗುವುದೂ ಅಲ್ಲಿಯೇ. ಸೂಜಿಯ ಉದ್ದಕ್ಕೂ ಇರುವ ತೋಡು ನಿಮ್ಮ ಕಡೆಗೆ, ಬೆನ್ನಿನ ತಗ್ಗು ಹುಕ್ಕಿನ ಕಡೆಗೆ ಇರಬೇಕು. ಕಣ್ಣಂದಾಜು ಸಾಲದು. ಸೂಜಿಯ ಕಣ್ಣಿಗೆ ಒಂದು ಗುಂಡುಪಿನ್ನನ್ನು ಚುಚ್ಚಿ ಹಿಡಿಯಿರಿ. ಪಿನ್ನು ನೇರವಾಗಿ ನಿಮ್ಮ ಎದೆಯ ಕಡೆ ನೋಡುತ್ತಿದ್ದರೆ ಸೂಜಿ ಸರಿಯಾಗಿ ಕೂತಿದೆ, ಓರೆಯಾಗಿದ್ದರೆ ತಿರುಗಿಸಿ ಸರಿಮಾಡಿ. ಮೊದಮೊದಲು ನಾನೊಮ್ಮೆ ಅರ್ಧ ದಿನ ಟೆನ್ಷನ್ ತಿರುಪಿನೊಡನೆ ಗುದ್ದಾಡಿ, ಸಂಜೆಗೆ ನೋಡಿದರೆ ಸೂಜಿಯನ್ನೇ ಹಿಂದುಮುಂದಾಗಿ ಹಾಕಿದ್ದೆ! 16ರ ಸೂಜಿ ಬಳಸುತ್ತಿದ್ದರೆ 18ಕ್ಕೆ ಹೋಗಿ. ದಪ್ಪ ಸೂಜಿ ಕಡಿಮೆ ಬಾಗುತ್ತದೆ, ದೊಡ್ಡ ಕಣ್ಣಿನಲ್ಲಿ ದಾರ ಕಡಿಮೆ ಸವೆಯುತ್ತದೆ. ದಾರದ ಒಂದೇ ತುಣುಕು ಹೊಲಿಗೆಯಾಗಿ ನೆಲೆಗೊಳ್ಳುವ ಮೊದಲು ಸೂಜಿಯ ಕಣ್ಣಿನೊಳಗೆ ಹತ್ತಾರು ಬಾರಿ ಹೋಗಿಬರುತ್ತದೆ ಎಂಬುದನ್ನು ನೆನಪಿಡಿ.

ಬಟ್ಟೆಯನ್ನು ಎಷ್ಟು ಬಿಗಿಯಾಗಿ ಸುತ್ತಿದ್ದೀರಿ ಎಂಬುದನ್ನೂ ನೋಡಿ. ಹೊಸಬರು ಅದನ್ನು ತಮಟೆಯ ಚರ್ಮದಂತೆ ಬಿಗಿಯುತ್ತಾರೆ. ಅಷ್ಟು ಬಿಗಿಯಾದಾಗ ಬಟ್ಟೆ ಸೂಜಿಯ ಜೊತೆಗೇ ಮೇಲೆಕೆಳಗೆ ಪುಟಿಯುವುದರಿಂದ ಕುಣಿಕೆ ಕಟ್ಟಿಕೊಳ್ಳುವುದಿಲ್ಲ. ಕೆಳಗಿನಿಂದ ಬೆರಳನ್ನು ಒತ್ತಿದರೆ ಮೇಲಿನಿಂದ ಆ ಬೆರಳ ತುದಿಯನ್ನು ಹಿಡಿಯಲು ಬರುವಷ್ಟು ಸಡಿಲವಿರಲಿ.

ಇಷ್ಟಾದ ಮೇಲೆ ಟೆನ್ಷನ್. ಮೊದಲು ಬಾಬಿನ್ (ಕೆಳದಾರ ಸುತ್ತಿದ ಉರುಳೆ), ಆಮೇಲೆ ಮೇಲಿನ ದಾರ. ಈ ಕ್ರಮ ತಪ್ಪಿದರೆ ದಿನವಿಡೀ ತಿರುಪು ತಿರುಗಿಸುತ್ತಲೇ ಇರಬೇಕಾಗುತ್ತದೆ. ಬಾಬಿನ್ ತುಂಬಿದ ಕೇಸನ್ನು ಅಂಗೈ ಮೇಲೆ ಮಲಗಿಸಿ ದಾರವನ್ನು ಮೆಲ್ಲನೆ ಮೇಲಕ್ಕೆ ಎಳೆಯಿರಿ. ಕೇಸು ಎದ್ದು ನಿಂತು, ಅಂಗೈ ಬಿಡದೆ, ದಾರ ಜಾರುತ್ತಿದ್ದರೆ ಸರಿ. ಕೇಸೇ ಗಾಳಿಗೆ ಎದ್ದರೆ ಬಿಗಿ ಹೆಚ್ಚು. ಅಲುಗಾಡದೆ ಮಲಗಿದ್ದರೆ ಸಡಿಲ. ತಿರುಪನ್ನು ಗಡಿಯಾರದ ಮುಳ್ಳು ಐದು ನಿಮಿಷ ಸರಿಯುವಷ್ಟು ಮಾತ್ರ ತಿರುಗಿಸಿ. ನಂತರ ಕ್ವಿಲ್ಟಿನ ಪಕ್ಕದಲ್ಲಿ ಮಿಕ್ಕಿರುವ ಅಸ್ತರಿನ ಮೇಲೆ ಹೊಲಿದು, ಬಗ್ಗಿ ಅಡಿಭಾಗವನ್ನು ನೋಡಿ. ತಿರುವುಗಳಲ್ಲಿ ಮೇಲಿನ ದಾರ ರೆಪ್ಪೆಗೂದಲಿನಂತೆ ಕೆಳಗೆ ಇಣುಕಿದ್ದರೆ ಮೇಲಿನ ಟೆನ್ಷನ್ ಸಾಲದು, ಅಥವಾ ನೀವು ತಿರುವಿನಲ್ಲಿ ಅವಸರ ಮಾಡುತ್ತಿದ್ದೀರಿ. ಇದಕ್ಕಾಗಿಯೇ ಅಸ್ತರು ಪ್ರತಿ ಬದಿಗೂ ನಾಲ್ಕು ಅಂಗುಲ ಹೆಚ್ಚಿರಬೇಕು.

ಇವೆಲ್ಲ ಸರಿಯಿದ್ದೂ ಎಡಕ್ಕೆ ಬರುವಾಗ ದಾರ ಹರಿದರೆ, ಹುಕ್ಕಿನ ಮೊನೆಯನ್ನು ಉಗುರಿನಿಂದ ಸವರಿ ನೋಡಿ. ಮುರಿದ ಸೂಜಿ ತಗುಲಿ ಎದ್ದ ಸಣ್ಣ ಚೂಪು ಉಗುರಿಗೆ ಸಿಕ್ಕಿದರೆ, ಅಥವಾ ಏನೂ ಸಿಗದೆ ದಾರ ಹರಿಯುತ್ತಲೇ ಇದ್ದರೆ, ಆಗ ತಂತ್ರಜ್ಞರನ್ನು ಕರೆಸಿ.

ಪ್ರಶ್ನೆ: ನನ್ನ ಲಾಂಗ್‌ಆರ್ಮ್ ಯಂತ್ರಕ್ಕೆ ಹೊಲಿಗೆಯ ಉದ್ದವನ್ನು ಸಮನಾಗಿಡುವ ಸ್ಟಿಚ್ ರೆಗ್ಯುಲೇಟರ್ ಇದೆ. ಆದರೂ ಅಂಗುಲಕ್ಕೆ ಹತ್ತು ಹೊಲಿಗೆ ಬೀಳಬೇಕಾದಲ್ಲಿ ಒಮ್ಮೊಮ್ಮೆ ನಾಲ್ಕೇ ಬೀಳುತ್ತವೆ. ಏಕೆ?

ಉತ್ತರ: ರೆಗ್ಯುಲೇಟರ್ ಬಟ್ಟೆಯನ್ನು ನೋಡುವುದಿಲ್ಲ, ಹಳಿಯ ಮೇಲೆ ಉರುಳುವ ಎನ್ಕೋಡರ್ ಚಕ್ರ ಎಷ್ಟು ಸುತ್ತಿತು ಎಂಬುದನ್ನಷ್ಟೇ ಎಣಿಸಿ, ಅದಕ್ಕೆ ತಕ್ಕಂತೆ ಸೂಜಿಯ ವೇಗ ಏರಿಳಿಸುತ್ತದೆ. ಚಕ್ರ ಹಳಿಗೆ ತಾಗದೆ ಜಾರಿದರೆ ಯಂತ್ರ ಚಲಿಸಿದ್ದೇ ಅದಕ್ಕೆ ತಿಳಿಯುವುದಿಲ್ಲ, ಹೊಲಿಗೆ ಉದ್ದವಾಗುತ್ತದೆ. ಚಕ್ರಕ್ಕೆ ಸುತ್ತಿಕೊಂಡ ದಾರದ ತುಂಡು ತೆಗೆಯಿರಿ, ಹಳಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಚಕ್ರ ಹಳಿಗೆ ಒತ್ತಿಕೊಂಡಿದೆಯೇ ಎಂದು ನೋಡಿ, ಕೇಬಲ್ಲನ್ನು ಒಮ್ಮೆ ಬಿಚ್ಚಿ ಸಿಕ್ಕಿಸಿ.

ಪ್ರಶ್ನೆ: ನಾನು ಧಾರವಾಡದವಳು. ಅಮೆರಿಕದಲ್ಲಿರುವ ಮಗಳು ತನ್ನ ಲಾಂಗ್‌ಆರ್ಮ್ ಯಂತ್ರವನ್ನು ಇಲ್ಲಿಗೆ ಕಳುಹಿಸುತ್ತೇನೆ, ಅದರಲ್ಲಿ ಕೌದಿ ಹೊಲಿ ಎನ್ನುತ್ತಾಳೆ. ತರಿಸಿಕೊಳ್ಳಬಹುದೇ?

ಉತ್ತರ: ಕೌದಿಗಾಗಿಯೇ ಆದರೆ ಬೇಡವೆಂಬುದು ನನ್ನ ಅಭಿಪ್ರಾಯ. ಅಲ್ಲಿನ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ. ಹತ್ತು–ಹನ್ನೆರಡು ಅಡಿಯ ಚೌಕಟ್ಟು ನಡುಮನೆಯನ್ನೇ ನುಂಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೌದಿಯ ಹೊಲಿಗೆಯ ದಾರಿಯೇ ಬೇರೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಅಂಚಿನಿಂದ ಆರಂಭಿಸಿ ಸುತ್ತ ಸುತ್ತುತ್ತಾ, ತೇಪೆಗಳನ್ನು ಒಂದೊಂದಾಗಿ ಸೇರಿಸುತ್ತಾ ನಡುವಿಗೆ ಬರುತ್ತಾರೆ. ಲಾಂಗ್‌ಆರ್ಮ್‌ನಲ್ಲಿ ಬಟ್ಟೆಯನ್ನು ರೋಲರಿಗೆ ಸುತ್ತುತ್ತಾ ಮೇಲಿನಿಂದ ಕೆಳಕ್ಕೆ ಮಾತ್ರ ಸಾಗಬೇಕು. ಬಳಸಿ ಮೆತ್ತಗಾದ ಸೀರೆ, ಧೋತರಗಳ ಪದರಗಳು ರೋಲರಿನಲ್ಲಿ ಸಮನಾಗಿಯೂ ಕೂರುವುದಿಲ್ಲ. ಯಂತ್ರದಲ್ಲಿಯೇ ಹೊಲಿಯಬೇಕೆಂದಿದ್ದರೆ ನಿಮ್ಮ ಮನೆಯ ಯಂತ್ರಕ್ಕೆ ಹೊಂದುವ ವಾಕಿಂಗ್ ಫುಟ್ (ಪದರಗಳನ್ನು ಮೇಲಿನಿಂದಲೂ ಸಮನಾಗಿ ಸರಿಸುವ ಪಾದ) ಕೊಂಡು, ಪದರಗಳಿಗೆ ಮೊದಲು ದೊಡ್ಡ ಟಾಕು ಹಾಕಿ, ನೇರ ಸಾಲುಗಳಲ್ಲಿ ಹೊಲಿಯಿರಿ.

ಪ್ರಶ್ನೆ: ಹೊಲಿಗೆ ಯಂತ್ರಕ್ಕೆ ಕೊಬ್ಬರಿ ಎಣ್ಣೆ ಬಿಡಬಹುದೇ?

ಉತ್ತರ: ಬೇಡ. ಚಳಿಗಾಲದ ಬೆಳಿಗ್ಗೆ ಸೀಸೆಯೊಳಗೆ ಹೆಪ್ಪುಗಟ್ಟುವ ಎಣ್ಣೆ ಹುಕ್ಕಿನೊಳಗೂ ಹೆಪ್ಪುಗಟ್ಟುತ್ತದೆ, ಹತ್ತಿಯ ಜುಂಗಿನೊಡನೆ ಬೆರೆತು ಮೇಣವಾಗುತ್ತದೆ. ಬಣ್ಣವಿಲ್ಲದ ಹೊಲಿಗೆ ಯಂತ್ರದ ಎಣ್ಣೆಯನ್ನೇ ಬಳಸಿ. ಲಾಂಗ್‌ಆರ್ಮ್ ಆದರೆ ಬಾಬಿನ್ ಬದಲಿಸುವಾಗಲೆಲ್ಲ ಜುಂಗನ್ನು ಬ್ರಷ್‌ನಿಂದ ತೆಗೆದು ಹುಕ್ಕಿನ ಅಂಚಿಗೆ ಒಂದೇ ಹನಿ ಬಿಡಿ, ಮೊದಲ ಕೆಲವು ಹೊಲಿಗೆಗಳನ್ನು ಹಳೆಯ ಬಟ್ಟೆಯ ಮೇಲೆ ಹಾಕಿ.