ಸೈಲೆನ್ಸರ್ ಬದಲಿಸಿದರೆ ಪವರ್ ಬರುತ್ತದಾ?

ಪ್ರಶ್ನೆ: ನಮ್ಮ ಊರು ಹಾಸನ, ಈಗಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. 2013ರ ಸುಬಾರು ಬಿಆರ್‌ಝೆಡ್ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದೇನೆ. ಹಿಂದಿನ ಸೈಲೆನ್ಸರ್ ತೆಗೆದು 3 ಇಂಚಿನ ಪೈಪ್ ಹಾಕಿಸಿದರೆ 20 ಹಾರ್ಸ್‌ಪವರ್ ಜಾಸ್ತಿ ಆಗುತ್ತದೆ ಅಂತ ಗೆಳೆಯರು ಹೇಳುತ್ತಾರೆ. ಹಾಕಿಸಲಾ?

ಉತ್ತರ: ಬೇಡ. ಅದರಿಂದ ನಿಮಗೆ ಸಿಗುವುದು ಸದ್ದು. ಪವರ್ ಸಿಕ್ಕರೂ ಬೆರಳೆಣಿಕೆಯಷ್ಟು.

ನಿಮ್ಮದು 2.0 ಲೀಟರ್ ಎಂಜಿನ್, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ, 7,000 ಆರ್‌ಪಿಎಂನಲ್ಲಿ 200 ಹಾರ್ಸ್‌ಪವರ್. ಓಡಿಸುವಾಗ ನಿಮಗೇ ಗೊತ್ತಾಗಿರುತ್ತದೆ, ತಿರುವಿನಿಂದ ಹೊರಬರುತ್ತಾ ಕಾಲು ಒತ್ತಿದರೆ 3,500ರ ಆಸುಪಾಸಿನಲ್ಲಿ ಎಂಜಿನ್ ಮಂಕಾಗಿ, 4,500 ದಾಟಿದ ಮೇಲೆ ಮತ್ತೆ ಜೀವ ಬಂದ ಹಾಗೆ ಎಳೆಯುತ್ತದೆ, ಅಲ್ವಾ? ಮಧ್ಯದ ಆ ಹಳ್ಳ ತುಂಬಬೇಕು. ದಿನಾ ಓಡಿಸುವವರಿಗೆ ತುದಿಯ ನಂಬರಿಗಿಂತ ಅದೇ ಮುಖ್ಯ.

ಅದನ್ನು ತುಂಬುವ ಕೆಲಸ ಕಾರಿನ ಹಿಂದುಗಡೆ ಆಗುವುದಿಲ್ಲ, ಎಂಜಿನ್ನಿಗೆ ಅಂಟಿಕೊಂಡು ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಪೈಪುಗಳಲ್ಲಿ, ಅಂದರೆ ಹೆಡರ್‌ನಲ್ಲಿ ಆಗುತ್ತದೆ. ಒಂದು ಸಿಲಿಂಡರ್ ಬಿಟ್ಟ ಬಿಸಿ ಗ್ಯಾಸ್ ಅಲೆಯ ಹಾಗೆ ಪೈಪಿನಲ್ಲಿ ಓಡುತ್ತದೆ. ಆ ಅಲೆಯ ಬೆನ್ನಿಗೆ ಒತ್ತಡ ಕಮ್ಮಿ ಇರುತ್ತದೆ, ಅದು ಮುಂದಿನ ಸಿಲಿಂಡರಿನ ಗ್ಯಾಸನ್ನು ಎಳೆದುಕೊಳ್ಳುತ್ತದೆ. ಯಾವ ಆರ್‌ಪಿಎಂನಲ್ಲಿ ಈ ಎಳೆತ ಚೆನ್ನಾಗಿ ಕೂಡಿಬರುತ್ತದೆ ಅನ್ನುವುದನ್ನು ಪೈಪಿನ ಉದ್ದ, ಅಗಲ ನಿರ್ಧರಿಸುತ್ತವೆ. ಸುಮ್ನೆ ಅಗಲ ಮಾಡಿದರೆ ಗ್ಯಾಸ್ ನಿಧಾನವಾಗುತ್ತದೆ, ಎಳೆತ ಸಡಿಲವಾಗುತ್ತದೆ. 'ಎಂಜಿನ್‌ಗೆ ಬ್ಯಾಕ್ ಪ್ರೆಶರ್ (ಹೊರಹೋಗುವ ಗ್ಯಾಸಿಗೆ ಪೈಪಿನಲ್ಲಿ ಎದುರಾಗುವ ತಡೆ) ಬೇಕು' ಅಂತ ಗ್ಯಾರೇಜುಗಳಲ್ಲಿ ಹೇಳುವುದು ತಪ್ಪು. ಅದು ಯಾವ ಎಂಜಿನ್‌ಗೂ ಬೇಡ. ಬೇಕಿರುವುದು ಗ್ಯಾಸಿನ ವೇಗ.

ಒಳ್ಳೆಯ ಹೆಡರ್, ಜೊತೆಗೆ ಅದಕ್ಕೆ ಹೊಂದುವ ಇಸಿಯು ಟ್ಯೂನ್ (ಎಂಜಿನ್ ನಡೆಸುವ ಕಂಪ್ಯೂಟರಿನ ಹೊಂದಾಣಿಕೆ), ಎರಡೂ ಸೇರಿದರೆ ಹಳ್ಳ ಬಹಳ ಮಟ್ಟಿಗೆ ತುಂಬುತ್ತದೆ. ಆದರೆ ನಿಮ್ಮ ಕಾರಿನಲ್ಲಿ ಹೊಗೆಯ ವಿಷ ಕಮ್ಮಿ ಮಾಡುವ ಮೊದಲ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಹೆಡರ್‌ನೊಳಗೇ ಇದೆ. ಕ್ಯಾಟ್ ಇಲ್ಲದ ಹೆಡರ್ ಹಾಕಿದರೆ ಚೆಕ್ ಎಂಜಿನ್ ದೀಪ ಹತ್ತಿ ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಕೋಡ್ ಬರುತ್ತದೆ, ಎರಡು ವರ್ಷಕ್ಕೊಮ್ಮೆ ಬರುವ ಸ್ಮಾಗ್ ಟೆಸ್ಟ್‌ನಲ್ಲಿ (ಹೊಗೆ ತಪಾಸಣೆ) ಕಾರು ಫೇಲ್ ಆಗುತ್ತದೆ. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ಹೆಡರ್ ಆಗಲಿ ಟ್ಯೂನ್ ಆಗಲಿ, ನಿಮ್ಮ ಮಾಡೆಲ್ ಮತ್ತು ವರ್ಷಕ್ಕೆ ಅಲ್ಲಿನ ವಾಯು ಮಾಲಿನ್ಯ ನಿಯಂತ್ರಣ ಮಂಡಳಿ ಕಾರ್ಬ್ ಕೊಟ್ಟ ಇಒ (ಅನುಮತಿ ಆದೇಶದ) ನಂಬರ್ ಇದೆಯಾ ಅಂತ ಕೇಳಿ. ನಂಬರ್ ತೋರಿಸದವರಿಗೆ ದುಡ್ಡು ಕೊಡಬೇಡಿ. ಎಲ್ಲ ಕ್ಯಾಟ್‌ಗಳ ನಂತರದ ಪೈಪ್ ಮಾತ್ರ ಬದಲಿಸುವುದಾದರೆ ಆ ನಂಬರ್ ಬೇಕಿಲ್ಲ, ಸದ್ದು ಮಾತ್ರ 95 ಡೆಸಿಬೆಲ್ ಒಳಗಿರಬೇಕು.

ಇದಕ್ಕೆಲ್ಲ ಮೊದಲು ಒಂದು ಕೆಲಸ ಮಾಡಿ. ಬೆಳಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ಕಿವಿಗೊಡಿ. ಮೊದಲೆರಡು ನಿಮಿಷ ಟಿಕ್ ಟಿಕ್ ಅಂದು, ಬಿಸಿಯಾದ ಮೇಲೆ ನಿಂತುಹೋದರೆ ಎಕ್ಸಾಸ್ಟ್ ಜಾಯಿಂಟ್ ಸೋರುತ್ತಿರಬಹುದು. ಆಮೇಲೆ ಆರಲು ಬಿಟ್ಟು, ಲಿಫ್ಟ್ ಮೇಲೆ ಎತ್ತಿಸಿ ಟಾರ್ಚ್ ಹಿಡಿದು ನೋಡಿ. ಸೋರಿದ್ದರೆ ಫ್ಲ್ಯಾಂಜಿನ (ಎರಡು ಪೈಪ್ ಕೂಡುವ ಚಪ್ಪಟೆ ಬಳೆ) ಅಂಚಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ ಕಾಣುತ್ತದೆ. ಜಾಯಿಂಟಿನ ನಡುವೆ ಕೂರುವ ಗ್ಯಾಸ್ಕೆಟ್ ಬದಲಿಸಿದರೆ ಸರಿಹೋಗುವುದಕ್ಕೆ ಹೊಸ ಹೆಡರ್ ತಂದವರನ್ನು ನಾನು ನೋಡಿದ್ದೇನೆ, ಬೇಜಾರಾಗುತ್ತದೆ. ನಟ್‌ಗಳು ತುಕ್ಕು ಹಿಡಿದಿದ್ದರೆ ಬಿಚ್ಚುವ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಹಾಕಿಡಿ. ಬಲವಂತ ಮಾಡಿದರೆ ನಟ್ ಕೂತಿರುವ ಸ್ಟಡ್ ಮುರಿಯುತ್ತದೆ.

ಅಂದಹಾಗೆ, 2022ರ ಹೊಸ ಬಿಆರ್‌ಝೆಡ್‌ಗೆ ಕಂಪನಿಯೇ 2.4 ಲೀಟರ್ ಎಂಜಿನ್ ಕೊಟ್ಟು, ಗರಿಷ್ಠ ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಸಿಗುವ ಜಾಗವನ್ನು 3,700 ಆರ್‌ಪಿಎಂಗೆ ಇಳಿಸಿತು. ನಿಮ್ಮ ಕಾರಿನಲ್ಲಿ ಹಳ್ಳ ಇರುವ ಜಾಗ ಸರಿಯಾಗಿ ಅದೇ. ಒಮ್ಮೆ ಟೆಸ್ಟ್ ಡ್ರೈವ್ ಮಾಡಿ, ನಿಮಗೆ ಬೇಕಿರುವುದು ಏನು ಅಂತ ಕಾಲಿಗೇ ಗೊತ್ತಾಗುತ್ತದೆ.

ಪ್ರಶ್ನೆ: ಮಂಗಳೂರಿನಲ್ಲಿ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಇಟ್ಟುಕೊಂಡಿದ್ದೇನೆ, ಟರ್ಬೊ ಕಾರು. ಟರ್ಬೊದಿಂದ ಹೊಗೆ ಹೊರಗೊಯ್ಯುವ ಡೌನ್‌ಪೈಪ್ ಬದಲಿಸಿ, ಕ್ಯಾಟ್ ಇಲ್ಲದ್ದನ್ನು ಹಾಕಿಸಿದ್ದೇನೆ, ಪವರ್ ನಿಜವಾಗಿಯೂ ಏರಿದೆ. ಪಿಯುಸಿ ಕೂಡ ಪಾಸ್. ತೊಂದರೆ ಇಲ್ಲ ತಾನೇ?

ಉತ್ತರ: ಪವರ್ ಏರಿರುವುದು ನಿಜವೇ. ಟರ್ಬೊ ಕಾರಿನ ಲೆಕ್ಕ ಬೇರೆ, ಹೊಗೆಯ ರಭಸಕ್ಕೆ ತಿರುಗುವ ಟರ್ಬೈನ್ ದಾಟಿದ ಮೇಲೆ ದಾರಿ ಎಷ್ಟು ಸಲೀಸೋ ಅಷ್ಟು ಒಳ್ಳೆಯದು. ಆದರೆ ಪಿಯುಸಿ ಅಳೆಯುವುದು ನಿಂತ ಕಾರಿನ ಹೊಗೆ. ಅದು ಪಾಸಾದ ಮಾತ್ರಕ್ಕೆ ಮಾರ್ಪಾಡು ಕಾನೂನುಬದ್ಧ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ರೂಪ ಬದಲಿಸಲು ಬಿಡುವುದಿಲ್ಲ, 2019ರ ತಿದ್ದುಪಡಿಯ ನಂತರ ಹೊಗೆ, ಸದ್ದಿನ ನಿಯಮ ಮೀರಿದರೆ 10,000 ರೂಪಾಯಿವರೆಗೆ ದಂಡ ಬೀಳಬಹುದು. ನಿಮ್ಮ ಹಿಂದೆ ಸ್ಕೂಟರಿನಲ್ಲಿ ಬರುವವರು ಆ ಹಸಿ ಹೊಗೆಯನ್ನೇ ಉಸಿರಾಡುತ್ತಾರೆ, ನನಗೆ ದಂಡಕ್ಕಿಂತ ಅದೇ ಜಾಸ್ತಿ ಚುಚ್ಚುತ್ತದೆ. ಹಳೆಯ ಡೌನ್‌ಪೈಪ್ ಇನ್ನೂ ಮನೆಯಲ್ಲಿದ್ದರೆ ಅದನ್ನೇ ವಾಪಸ್ ಹಾಕಿಸಿ, ಟ್ಯೂನ್ ಮಾಡಿಸಿದ್ದರೆ ಅದನ್ನೂ ಮೊದಲಿನಂತೆ ಮಾಡಿಸಿ. ಗ್ಯಾಸ್ಕೆಟ್ ಮಾತ್ರ ಹೊಸದು ತನ್ನಿ.