ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇಲ್ಲದೆ, ಎರಡನೇ ಮಹಾಯುದ್ಧದ ಹರಿಕೇನ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್‌ಗೆ ಬಣ್ಣ ಹಚ್ಚಬಹುದಾ? ಬಾಲದ ಕಡೆ ಇರುವ ಉಬ್ಬು ಗೆರೆಗಳನ್ನು ಉಜ್ಜಿ ತೆಗೆಯಬೇಕಾ?

ಮೊದಲು ಗೆರೆಗಳ ವಿಷಯ. ದಯವಿಟ್ಟು ಉಜ್ಜಬೇಡಿ! ಅದು ಅಚ್ಚಿನ ದೋಷ ಅಲ್ಲ. ಹರಿಕೇನ್‌ನ ಹಿಂಭಾಗಕ್ಕೆ ಲೋಹದ ಹೊದಿಕೆ ಇರಲಿಲ್ಲ. ಒಳಗೆ ಕೊಳವೆಗಳ ಚೌಕಟ್ಟು, ಅದರ ಸುತ್ತ ಉದ್ದುದ್ದ ಮರದ ಪಟ್ಟಿಗಳು, ಮೇಲೆ ಬಿಗಿಯಾಗಿ ಎಳೆದು ಹೊದಿಸಿದ ಬಟ್ಟೆ. ಬಡಕಲು ಹಸುವಿನ ಪಕ್ಕೆಲುಬಿನ ಹಾಗೆ ಆ ಪಟ್ಟಿಗಳು ಬಟ್ಟೆಯಡಿ ಎದ್ದು ಕಾಣುತ್ತಿದ್ದವು. ನಿಮ್ಮ ಕಿಟ್‌ನಲ್ಲಿರುವುದು ಅದೇ. ಎರಡು ಅರ್ಧಗಳು ಕೂಡುವ ಜಾಗದಲ್ಲಿ ಮಾತ್ರ, ಅಂಟು ಒಂದು ದಿನ ಒಣಗಿದ ಮೇಲೆ, ಸಣ್ಣ ಸ್ಯಾಂಡ್‌ಪೇಪರ್ ತುಂಡಿನಿಂದ ಹಗುರವಾಗಿ ಉಜ್ಜಿದರೆ ಸಾಕು.

ಏರ್‌ಬ್ರಷ್ ಬೇಕಾಗಿಲ್ಲ. ನಾನು ಇಷ್ಟು ವರ್ಷ ಬ್ರಷ್‌ನಲ್ಲೇ ಹಚ್ಚುತ್ತಿದ್ದೇನೆ. ಆದರೆ ನನ್ನ ಮೊದಲ ಹರಿಕೇನ್ ಕೆಟ್ಟಿದ್ದೂ ಬಣ್ಣದಿಂದಲೇ. ಡಬ್ಬಿಯಿಂದ ನೇರವಾಗಿ ದಪ್ಪಗೆ ಹಚ್ಚಿದ್ದೆ. ಮಾರನೇ ದಿನ ನೋಡಿದರೆ ಆ ಗೆರೆಗಳೆಲ್ಲ ಮುಚ್ಚಿಹೋಗಿದ್ದವು. ತುಂಬಾ ಬೇಜಾರಾಗಿತ್ತು. ಮಾಡೆಲ್‌ನ ಅಳತೆ 1/72 ಅಂದರೆ 12 ಮೀಟರ್ ಅಗಲದ ವಿಮಾನ 17 ಸೆಂಟಿಮೀಟರ್‌ಗೆ ಇಳಿದಿರುತ್ತದೆ, ಅಲ್ವಾ? ಅದರ ಮೇಲಿನ ಗೆರೆ ಎಷ್ಟು ತೆಳು ಇರಬಹುದು ನೋಡಿ.

ಹಾಗಾಗಿ ಬಣ್ಣ ನೀರು ಮಜ್ಜಿಗೆಯ ಹದಕ್ಕೆ ಬರಬೇಕು. ಅಕ್ರಿಲಿಕ್ ಆದರೆ ಒಂದು ಹಳೇ ತಟ್ಟೆಯಲ್ಲಿ ಹನಿ ಹನಿ ನೀರು ಸೇರಿಸಿ ಕಲಸಿಕೊಳ್ಳಿ. ಚಪ್ಪಟೆ, ಮೆತ್ತನೆಯ ಬ್ರಷ್ ತಗೊಳ್ಳಿ. ಮೊದಲ ಕೋಟ್ ಹಚ್ಚಿದಾಗ ಕೆಳಗಿನ ಪ್ಲಾಸ್ಟಿಕ್ ಕಾಣುತ್ತದೆ, ಪಟ್ಟೆ ಪಟ್ಟೆಯಾಗಿ ಅಸಹ್ಯವಾಗಿರುತ್ತದೆ. ಅಲ್ಲೇ ಎಲ್ಲರೂ ತಪ್ಪು ಮಾಡೋದು, ಅರ್ಧ ಒಣಗಿದ ಬಣ್ಣದ ಮೇಲೆ ಮತ್ತೆ ಬ್ರಷ್ ಆಡಿಸುತ್ತಾರೆ. ಸುಮ್ನೆ ಬಿಟ್ಟುಬಿಡಿ. ಎರಡು ಮೂರು ಗಂಟೆ ಬಿಟ್ಟು ಎರಡನೆಯದು, ಆಮೇಲೆ ಮೂರನೆಯದು. ಮಳೆಗಾಲದಲ್ಲಿ ಇನ್ನೂ ಜಾಸ್ತಿ ಹೊತ್ತು ಬೇಕು. ಇದಕ್ಕೆಲ್ಲ ಮುಂಚೆ, ಬಿಡಿಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸಿರಿ. ಅಚ್ಚಿನ ಎಣ್ಣೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಯಾವ ಬಣ್ಣ ಅಂತ ನೀವು ಕೇಳಿಲ್ಲ, ಆದರೂ ಹೇಳಬೇಕು ಅನಿಸುತ್ತಿದೆ. ನಿಮ್ಮದು ಮಾರ್ಕ್ 2 (ಹರಿಕೇನ್‌ನ ಎರಡನೇ ಮಾದರಿ) ಆಗಿದ್ದರೆ ಬರ್ಮಾ ಗಡಿಯ ವಿಮಾನ ಮಾಡಿ. 1944ರಲ್ಲಿ ಇಂಫಾಲದಲ್ಲಿ ಜಪಾನೀಯರ ವಿರುದ್ಧದ ಕಾಳಗದಲ್ಲಿ ನಮ್ಮ ವಾಯುಪಡೆಯ 1ನೇ ಸ್ಕ್ವಾಡ್ರನ್ ಹಾರಿಸಿದ್ದು ಹರಿಕೇನ್‌ಗಳನ್ನೇ. ಅದರ ಮುಖ್ಯಸ್ಥರು ಅರ್ಜನ್ ಸಿಂಗ್, ಮುಂದೆ ವಾಯುಪಡೆಯ ಮಾರ್ಷಲ್ ಆದವರು. ಹೊಟ್ಟೆ ಭಾಗಕ್ಕೆ ಬೂದು, ಅದನ್ನು ಮೊದಲು ಹಚ್ಚಿ. ಮೇಲೆ ಮಣ್ಣಿನ ಕಂದು, ಅದು ಒಣಗಿದ ಮೇಲೆ ಪೆನ್ಸಿಲ್‌ನಲ್ಲಿ ಅಂಕುಡೊಂಕು ಗೆರೆ ಎಳೆದುಕೊಂಡು ಕಡು ಹಸಿರು. ರೆಕ್ಕೆಯ ಮೇಲಿನ ಗುರುತಿನಲ್ಲಿ ಕೆಂಪು ಇರಬಾರದು. ಜಪಾನಿನ ವಿಮಾನಗಳ ಗುರುತು ಕೆಂಪು ವೃತ್ತ. ಗಡಿಬಿಡಿಯಲ್ಲಿ ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸಬಾರದು ಅಂತ 1943ರಿಂದ ಅಲ್ಲಿ ಕೆಂಪನ್ನೇ ತೆಗೆದುಬಿಟ್ಟರು. ಕಡು ನೀಲಿ ವೃತ್ತ, ನಡುವೆ ತಿಳಿ ನೀಲಿ. ಆ ಎರಡು ನೀಲಿಗಳನ್ನು ನೋಡಿದಾಗಲೆಲ್ಲ ಇಂಫಾಲದ ಆ ಹುಡುಗರು ನೆನಪಾಗುತ್ತಾರೆ. ದೆಹಲಿಯ ಪಾಲಂ ಮ್ಯೂಸಿಯಂನಲ್ಲಿ ಒಂದು ನಿಜವಾದ ಹರಿಕೇನ್ ಇದೆ, ಆ ಕಡೆ ಹೋದರೆ ಬಿಡಬೇಡಿ.

ಡಿಕಾಲ್ (ಗುರುತುಗಳನ್ನು ಅಚ್ಚು ಮಾಡಿದ, ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಅಂಟಿಸುವ ಮುಂಚೆ ಹೊಳಪಿನ ವಾರ್ನಿಶ್ ಒಂದು ಕೋಟ್ ಕೊಡಿ. ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣದ ಮೇಲೇ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಮಿನುಗುತ್ತದೆ. ಡಿಕಾಲ್ ಆದ ಮೇಲೆ ಮ್ಯಾಟ್ ವಾರ್ನಿಶ್ ಕೊಟ್ಟರೆ ಹೊಳಪು ಹೋಗುತ್ತದೆ.

ಕೊನೆಗೆ, ಹಸಿರಿಗೆ ಸ್ವಲ್ಪ ಬಿಳಿ ಬೆರೆಸಿ, ಬ್ರಷ್ಷನ್ನು ಬಟ್ಟೆಗೆ ಒರೆಸಿ ಹೆಚ್ಚುಕಡಿಮೆ ಒಣಗಿಸಿ, ಬಾಲದ ಆ ಗೆರೆಗಳಿಗೆ ಅಡ್ಡಲಾಗಿ ಹಗುರವಾಗಿ ಸವರಿ. ಕಂದು ಇರುವ ಕಡೆ ಕಂದಿಗೆ ಬಿಳಿ ಬೆರೆಸಿ. ಒಂದೊಂದೇ ಪಟ್ಟಿ ಮೇಲೆದ್ದು ಬರುತ್ತದೆ.

ಹಾಂ, ಪೈಲಟ್ ತಲೆ ಮೇಲಿನ ಪಾರದರ್ಶಕ ಮುಚ್ಚಳಕ್ಕೆ ಸೂಪರ್ ಗ್ಲೂ ಬೇಡ, ಅದರ ಹಬೆಗೆ ಮಂಜು ಕವಿದ ಹಾಗಾಗುತ್ತದೆ. ಮರಕ್ಕೆ ಹಚ್ಚುವ ಬಿಳಿ ಗೋಂದು ಸಾಕು.